ಎಷ್ಟಾತು?

ನನ್ನ ಮೊಣಕಾಲು ತಾಗಿದ್ದು ಅವಳ ಕಿವಿಯ ಮೇಲೆ.
ಹುಲಿಗೆಮ್ಮ ಎದ್ದಳು, ಮಣ್ಣು ಕೊಡವಿದಳು, ನಕ್ಕಳು ಕೂಡ.
ರಕ್ತ ಇಲ್ಲ.
"ಏನಾಗಿಲ್ಲ, ನಡೀರಿ" ಅಂದರು ರಾಜಾಸಾಬ್ ಮಾಸ್ತರು
ಬಾಯೊಳಗಿನ ಶೀಟಿ ತೆಗೆಯದೇ.

"ಎಷ್ಟಾತು?" ಕೇಳಿದಳು.
ಹದಿನಾಲ್ಕು ಹನ್ನೊಂದು, ಅಂದೆ.
ನೀರು ಕುಡಿದಳು. "ಎಷ್ಟಾತು?"
ಹೇಳಿದೆ.
ತನ್ನ ಕಡೆ ಬಿಟ್ಟು ನಮ್ಮ ಸಾಲಿಗೆ ಬಂದು ನಿಂತು
ಮೊದಲ ಸಲ ಕೇಳುವವಳ ಹಾಗೆ
"ಎಷ್ಟಾತು?"

ಆಗ ಹಿಡಿದೆ ಅವಳ ಕೈ.
ಹೊರಗೆ ಕೂರಿಸುವಾಗ ಕಾಲು ಹೊಸೆದು ಬಂದವು;
ಗೆರೆಯ ಮೇಲೇ ವಾಂತಿ.

ಹಟ್ಟಿ ಕ್ಯಾಂಪಿನ ಕ್ವಾರ್ಟರ್ಸಿನ ಕಿಟಕಿಗೆ ಕೌದಿ ಕಟ್ಟಿದರು.
ಹೊರಗೆ ಕಲ್ಲು ಕಾಯುವ ಬಿಸಿಲು,
ಒಳಗೆ ಅವರಪ್ಪ ದಿನಾ ಇಳಿಯುವ ಗಣಿಯ ಕತ್ತಲು.
ಪಾಳಿಯ ಸೈರನ್ನಿಗೆ ದಿಂಬು ಕಿವಿಗೆ.
ಫೋನು ಅವ್ವನ ಟ್ರಂಕಿನಲ್ಲಿ.
ಪುಸ್ತಕ ತೆಗೆದರೆ ಅಕ್ಷರ ಇರುವಿ ಹರಿದಂಗ ಹರೀತಾವ ಅಂದಳು;
ಪಲ್ಯಕ್ಕೆ ಉಪ್ಪು ಕಡಿಮೆಯೆಂದು ಒಂದು ತಾಸು ಅತ್ತಳು.
"ನಾಟಕ" ಅಂದಳು ಪಕ್ಕದ ಮನೆಯವಳು.
ಪಟ್ಟಿ ಇಲ್ಲ, ಹೊಲಿಗೆ ಇಲ್ಲ,
ತೋರಿಸುವುದಾದರೂ ಏನನ್ನು?

ಹನ್ನೆರಡನೇ ದಿನ ನೀರಿನ ಟಾಕಿಯ ತನಕ ನಡೆದೆವು.
ಮುಂದಿನ ವಾರ ಅರ್ಧ ದಿನ ಶಾಲೆ.
ಜಿಲ್ಲಾ ಮ್ಯಾಚು ಅವಳಿಲ್ಲದೇ ಆಯಿತು, ಸೋತೆವು.
ಈಗ ಮಾಸ್ತರು ಶೀಟಿ ತೆಗೆದು ಕೇಳುತ್ತಾರೆ:
"ತಲಿ ನೋಯ್ತದೇನವಾ?"

ಡಾಕ್ಟರು ಇನ್ನೂ ಹೂಂ ಅಂದಿಲ್ಲ.
ಗೆರೆಯಾಚೆ ಬೇವಿನ ನೆರಳಲ್ಲಿ
ಅಂಕ ಬರೆಯುತ್ತ ಕೂತಿದ್ದಾಳೆ.
ಏದುಸಿರಲ್ಲಿ ಓಡಿಬಂದು
ಬೇಕಂತಲೇ ಕೇಳುತ್ತೇನೆ, ಎರಡನೇ ಸಲ:
"ಎಷ್ಟಾತು?"

"ಈಗರ ಹೇಳಿದ್ನೆಲ್ಲ, ಒಂಬತ್ತು ಏಳು.
ಕೂಡು ಇಲ್ಲೆ. ನಿನ್ ತಲಿಗೇನಾತು?"