ನಲವತ್ತೊಂದು

ಅಲ್ ಐನಿನ ಪ್ರಾಣಿಯಾಸ್ಪತ್ರೆ, ರಾತ್ರಿ ಎರಡು.
ಪಿಕಪ್ಪಿನಡಿ ಸಿಕ್ಕ ಸಲೂಕಿ ನಾಯಿ
ಮಂಪರಿನಲ್ಲಿ; ಹಿಂಗಾಲೆರಡೂ ಒದ್ದೆ ಬಟ್ಟೆ.

ನೆತ್ತಿಯ ಮೇಲೆ ಸುರುಳಿ ಹಿಡಿದೆ. ಟಕ್.
ಮುಂಗಾಲು ಹಾರಿತು.
ಹಿಂಗಾಲಿನ ಸೂಜಿಗೆ ಸುದ್ದಿಯಿಲ್ಲ.
ಬಲ ಏರಿಸಿದೆ. ಟಕ್. ಮತ್ತೆ ಟಕ್.
ಒಂಬತ್ತನೆಯದಕ್ಕೆ,
ಇಪ್ಪತ್ತು ಮಿಲಿಸೆಕೆಂಡಿಗೆ ಬರಬೇಕಾದ್ದು
ನಲವತ್ತೊಂದಕ್ಕೆ ಬಂತು,
ಉಗುರಿನಷ್ಟು ಉಬ್ಬು.

ಫ್ರಿಜ್ಜಿನ ಕರೆಂಟಿರಬಹುದೆಂದು ಪ್ಲಗ್ ಕಿತ್ತೆ. ಟಕ್.
ಅಲ್ಲೇ. ನಲವತ್ತೊಂದು.

ಮುದುಕ ಮತರ್ ಕೇಳಿದ: ದಾರಿ ಉಳಿದಿದೆಯಾ?
ನನ್ನ ಕುಂದಾಪುರದ ಅರಬಿಯಲ್ಲಿ ಅಂದೆ:
ಓಡುತ್ತದೆ ಅನ್ನಲಾರೆ.
ಶಮಾಲ್ ಬೀಸಿದ ಮರುದಿನ ಲಿವಾ ರಸ್ತೆ ನೋಡಿದ್ದೀರಲ್ಲ,
ಮರಳಿನಡಿ ಡಾಂಬರಿದೆಯೆಂದು
ಟಯರಿಗೆ ಮಾತ್ರ ಗೊತ್ತು.

ಅವನು ಬೆರಳದ್ದಿ
ನಾಯಿಯ ಮೂಗಿಗೆ ನೀರು ಸವರಿದ.

ಪ್ಲಗ್ ಸಿಕ್ಕಿಸಲು ಮರೆತೆ.
ಬೆಳಿಗ್ಗೆ ಲಸಿಕೆಯೆಲ್ಲ ಹಾಳಾಗಿ
ಮೂರು ದಿನದ ಸಂಬಳ ಹೋಯಿತು. ಹೋಗಲಿ.