ನೆಟಿಗೆ

ಆ ಸದ್ದಿಗೆಂದೇ ಹೋಗಿದ್ದು ನಾನು.
ಫ್ರೀ ಬಸ್ಸು ತಪ್ಪಿಹೋಗಿ ಏಳೂವರೆಯ ಪ್ರೈವೇಟು,
ಶಿಡ್ಲಘಟ್ಟ ದಾಟುವವರೆಗೂ ಕಿಟಕಿಗೆ ಮಂಜು.
ಮುಂಗೈಗೆ ಮಫ್ಲರು ಸುತ್ತಿಕೊಂಡಿದ್ದೆ.
ಚಿಲ್ಲರೆಯನ್ನು ನನ್ನ ಅಂಗೈಯಿಂದ
ಕಂಡಕ್ಟರನೇ ಎಣಿಸಿ ತೆಗೆದುಕೊಂಡ.

ಮೂವತ್ತೊಂದು ವರ್ಷ ಬಿಸಿನೀರಲ್ಲಿ ಗೂಡು ಬೇಯಿಸಿ
ಎಳೆಯ ತಲೆ ಹುಡುಕಿದ ಬೆರಳು ಇವು.
ಗೂಡಿನ ಮೇಲೆ ಹೀಗೆ ಒಂದು ಸವರು,
ಕಣ್ಣಿಗೆ ಕಾಣದ್ದು ಸಿಕ್ಕಿಬಿಡುತ್ತಿತ್ತು, ಕತ್ತಲಲ್ಲೂ.
ಈಗ ಬೆಳಗ್ಗೆ ಎದ್ದರೆ
ರಾತ್ರಿ ಯಾರೋ ಹೊಲಿದು ಹೋದ ಹಾಗೆ.
ರವಿಕೆ ಗುಂಡಿಗೆ ಸೊಸೆ ಬರಬೇಕು.
ನೀರೊಲೆ ಮುಂದೆ ಅರ್ಧ ಗಂಟೆ ಕೂತರೆ
ಮೊದಲು ಕಿರುಬೆರಳು, ಆಮೇಲೆ ಉಂಗುರದ್ದು,
ಒಬ್ಬೊಬ್ಬರಾಗಿ ಏಳುತ್ತಾರೆ
ಮದುವೆಮನೆಯಲ್ಲಿ ಮಲಗಿದ ನೆಂಟರಂತೆ.
ಹೆಬ್ಬೆಟ್ಟು ಕೊನೆಗೆ,
ದೊಡ್ಡಮನುಷ್ಯ.

ಮೊಮ್ಮಗಳ ಕೆನ್ನೆ ಸವರಿ
ದೃಷ್ಟಿ ತೆಗೆಯೋಣವೆಂದು ಕಪಾಲಕ್ಕೆ ಒತ್ತಿದರೆ
ಒಂದೂ ಮುರಿಯದು ನೆಟಿಗೆ.
ತೂಕದಲ್ಲಿ ಮೋಸ ಮಾಡಿದವನಿಗೆ
ನೆಟಿಗೆ ಮುರಿದು ಶಾಪ ಹಾಕೋಣವೆಂದರೆ
ಅದಕ್ಕೂ ಇಲ್ಲ.
ಎಣಿಸಿದರೆ ಹತ್ತೇ ಇವೆ ಬೆರಳು.

ಪಕ್ಕದ ಬೇಸಿನ್ನಿನ ಖೈರುನ್ನೀಸಾ ಹೇಳಿದ್ದು:
ಚಿಕ್ಕಬಳ್ಳಾಪುರದಾಗೆ ಒಬ್ಬರವ್ರೆ, ಕೀಲು ಕೂರಿಸೋರು,
ಸೂಜಿ ಇಲ್ಲ, ಗುಳಿಗೆ ಇಲ್ಲ,
ಕತ್ತು ಹಿಡಿದು ಒಂದೇ ತಿರುವು,
ಲಟಕ್ ಅಂತದೆ ಅಕ್ಕಾ.
ಮೊಬೈಲಲ್ಲೂ ತೋರಿಸಿದಳು.
ಯಾವ ದೇಶದವನದೋ ಕತ್ತು,
ಲಟಕ್,
ಮೈಮೇಲೆ ದೇವರು ಬಂದವನಂಥ ನಗು.
ಅವತ್ತಿನಿಂದ ಆ ಸದ್ದು ನನ್ನೊಳಗೆ ಕೂತುಬಿಟ್ಟಿತು
ಹಸಿದವರಿಗೆ ಪಕ್ಕದ ಮನೆಯ ಒಗ್ಗರಣೆಯಂತೆ.

ಗಿರವಿ ಅಂಗಡಿಯ ಮೇಲೆ, ಇಪ್ಪತ್ತೆರಡು ಮೆಟ್ಟಿಲು.
(ಮಂಡಿನೋವಿನವರಿಗೆ ಮಹಡಿ ತೋರಿಸಿದ ಪುಣ್ಯಾತ್ಮ ಯಾರೋ.)
ಮೂಲೆಯಲ್ಲಿ ಪ್ಲಾಸ್ಟಿಕ್ಕಿನ ಬೆನ್ನೆಲುಬು,
ಖಾಲಿ ಬಾಬಿನ್ನುಗಳನ್ನು
ಒಂದರ ಮೇಲೊಂದು ಪೇರಿಸಿದಂತೆ.
ಇಂಪನ ಅಂತ ಹೆಸರು, ನನ್ನ ಕಿರಿಮಗಳ ವಯಸ್ಸು.
ಎರಡೂ ಕೈಯಾ? ಬೆಳಗ್ಗೆ ಎಷ್ಟು ಹೊತ್ತು? ಜ್ವರ?
ಹಳೆಯ ಎಕ್ಸ್‌ರೇ ಕಿಟಕಿಗೆ ಹಿಡಿದು
ಬಹಳ ಹೊತ್ತು ನಿಂತಳು.
ಕೆಳಗೆ ರಸ್ತೆಯಲ್ಲಿ ದ್ರಾಕ್ಷಿಯವನು ಕೂಗುತ್ತಿದ್ದ.

"ಅಮ್ಮಾ, ಇದು ಸವೆತದ ವಾತ ಅಲ್ಲ ಅನ್ನಿಸುತ್ತೆ,
ಒಳಗಿಂದ ಉರಿಯೋದು.
ಈ ಕತ್ತನ್ನ ನಾನು ತಿರುಗಿಸಲ್ಲ."

ತಿರುಗಿಸಲ್ಲ!
ಮುನ್ನೂರು ರೂಪಾಯಿ ಕೊಟ್ಟು ಕೇಳಿದ ಮಾತು.
ಒಂದು ಸಲ, ಚಿಕ್ಕದಾಗಿ, ಎಂದೆ
ಕೊಸರು ಕೇಳುವವಳಂತೆ.
ಅವಳು ನಗಲಿಲ್ಲ.
ರಕ್ತಪರೀಕ್ಷೆಗೆ ಚೀಟಿ ಬರೆದಳು,
ಕೀಲುವಾತದ ಡಾಕ್ಟರ ಹೆಸರು ಬರೆದು
ಕೆಳಗೆ ಎರಡು ಗೆರೆ ಎಳೆದಳು.

ಆಮೇಲೆ ನನ್ನ ಕೈ ತಗೊಂಡಳು.
ಬಿಸಿ ಟವೆಲಿನೊಳಗೆ ಒಂದೊಂದೇ ಗೆಣ್ಣು.
ಎಳೆಯಲಿಲ್ಲ. ಒತ್ತಲಿಲ್ಲ.
ತುಸು ಅತ್ತ, ತುಸು ಇತ್ತ,
ಕಣ್ಣು ಬೇರೆಲ್ಲೋ,
ಬೆರಳು ಮಾತ್ರ ನೋಡುತ್ತಾ.
ಆ ಸವರು ನನಗೆ ಗೊತ್ತು.
ಇವಳೂ ತಲೆ ಹುಡುಕುತ್ತಿದ್ದಾಳೆ,
ಎಳೆ ಕಡಿಯದ ಹಾಗೆ.

ಹೋಗುತ್ತಾ, ಅಂದೆ.
"ಹೋಗಲ್ಲ. ಸಡಿಲ ಆಗುತ್ತೆ.
ಕೆಲವು ದಿನ ಅದೂ ಆಗಲ್ಲ."
ಇಷ್ಟು ನಿಜ ಹೇಳುವವಳು
ಬಾಡಿಗೆ ಹೇಗೆ ಕಟ್ಟುತ್ತಾಳೋ!
ಕತ್ತು ನೆಟ್ಟಗೆ ಇಟ್ಟುಕೊಂಡು
ಮೆಟ್ಟಿಲಿಳಿದೆ, ತುಂಬಿದ ಬಿಂದಿಗೆ ಹೊತ್ತವಳಂತೆ.

ಈಗ ಡಾಕ್ಟರ ಗುಳಿಗೆಯೂ ಇದೆ, ಇವಳ ಟವೆಲೂ ಇದೆ.
ಯಾವುದರಿಂದ ಎಷ್ಟು, ನನಗೆ ಗೊತ್ತಿಲ್ಲ.
ನಿನ್ನೆ ಮನೆ ತುಂಬ ಅವರೆಯ ಸೊಗಡು,
ನೆನೆದ ಕಾಳು ಪಾತ್ರೆ ತುಂಬ,
ಸೊಸೆ ಫೋನಿನಲ್ಲಿ.
ಸುಮ್ಮನೆ ಒಂದು ಕಾಳು ಹಿಡಿದು
ಹೆಬ್ಬೆಟ್ಟಿಗೂ ತೋರುಬೆರಳಿಗೂ ನಡುವೆ
ಹಿತಕಿದೆ.

ಪುಳಕ್ಕನೆ ಹಾರಿ ಒಲೆಯ ಹಿಂದೆ ಬಿತ್ತು ಬೇಳೆ.
ಸಿಪ್ಪೆ ಕೈಯಲ್ಲಿ.

ಹದಿನಾಲ್ಕಾಯಿತು.
ಹದಿನೈದನೆಯದಕ್ಕೆ ಬೆರಳು ಬೇಡವೆಂದಿತು, ಬಿಟ್ಟೆ.
ಹದಿನಾಲ್ಕು ಬೇಳೆಗೆ ಸಾರಾಗುವುದಿಲ್ಲ.
ಏನತ್ತೆ ಅದು ಸದ್ದು, ಅಂದಳು ಸೊಸೆ.
ಏನಿಲ್ಲ,
ಒಂದು ಬೇಳೆ ಅಲ್ಲಿ ಬಿದ್ದಿದೆ,
ಸ್ವಲ್ಪ ಒಲೆ ಸರಿಸು.