ಸೇರಿನ ಲೆಕ್ಕ

ಭಟ್ಟಿಯ ಬಾಗಿಲಲ್ಲಿ ಚಪ್ಪಲಿ ಬಿಟ್ಟು ಒಳಗೆ ಬಂದಾಗ
ಅಮ್ಮಿ ತಲೆಯೆತ್ತಲಿಲ್ಲ.
ಬಾಂಡ್ಲಿಯಲ್ಲಿ ಮರಳು ಕಾದಿತ್ತು,
ಕಾದ ಮರಳು ಯಾರಿಗೂ ಕಾಯುವುದಿಲ್ಲ.

ಇಪ್ಪತ್ತಾರು ತಿಂಗಳು.
ಬೆನ್ನಿನ ಚೀಲವನ್ನು ಅಕ್ಕಿ ಮೂಟೆಗೆ ಒರಗಿಸಿ ಕೂತೆ.
ಕಣ್ಣಿಗೆ ಹೊಗೆ ಹೋಯಿತು. ಹೊಗೆಯೇ, ಬೇರೇನಲ್ಲ.

ಪಕ್ಕದ ಭಟ್ಟಿಯ ಚಮನ್‌ಸಾಬರು ಬಂದರು,
ಅವರ ಸೊಸೆ ಶಾಹೀನ ಬಂದಳು,
ಕಂಕುಳಲ್ಲಿ ನಾನು ನೋಡಿರದ ಕೂಸು.
ಎಷ್ಟು ದೇಶ ಆಯ್ತವ್ವ?
ಹದಿನಾಲ್ಕೋ ಹದಿನೈದೋ.
ಒಂದರ ಗಡಿಯಲ್ಲಿ ಹಗಲೆಲ್ಲ ಬೆಂಚಿನ ಮೇಲೆ ಕೂರಿಸಿ
ಸಂಜೆ ವಾಪಸು ಕಳಿಸಿದರು,
ಅದನ್ನು ಎಣಿಸಬೇಕೋ ಬೇಡವೋ.

ಎಷ್ಟು ದುಡ್ಡು ಆಯ್ತು?

ಇದಕ್ಕೆ ಉತ್ತರವಿತ್ತು.
ಹನ್ನೊಂದು ವರ್ಷ ಮಂಡಕ್ಕಿ ಚೀಲದ ಬಾಯಿ ಹೊಲಿದ ಕೂಲಿ
ಹಾಲಿನ ಪುಡಿ ಡಬ್ಬಿಯಿಂದ ಅಂಚೆ ಕಚೇರಿಗೆ,
ಅಂಚೆ ಕಚೇರಿಯಿಂದ ಸೊಂಟದ ಪಟ್ಟಿಗೆ.
ಹೊರಟ ದಿನ ದಾವಣಗೆರೆಯಲ್ಲಿ ಸೇರು ಮಂಡಕ್ಕಿಗೆ ಹನ್ನೆರಡು ರೂಪಾಯಿ.
ದಿನಕ್ಕೆ ಇಪ್ಪತ್ತೈದು ಸೇರು, ಅಷ್ಟರೊಳಗೆ ಹಗಲು, ರಾತ್ರಿ, ಹೊಟ್ಟೆ.

ಒಂದೊಂದು ದೇಶದ ದುಡ್ಡಿಗೆ ಒಂದೊಂದು ಹೆಸರು,
ಜಾರ್ಜಿಯಾದಲ್ಲಿ ಲಾರಿ ಅಂತಾರೆ ಅಂದರೆ
ಶಾಹೀನ ಕೂಸು ಜಾರುವಷ್ಟು ನಕ್ಕಳು.
ನಾನು ಎಲ್ಲವನ್ನೂ ಸೇರಿಗೆ ತಿರುಗಿಸಿಕೊಂಡೆ.
ತ್ಬಿಲಿಸಿಯಲ್ಲಿ ಎಂಟು ಜನರ ಕೋಣೆಯ ಮೇಲಿನ ಮಂಚ, ಮೂವತ್ತೆರಡು.
ಮಂಚ ದುಬಾರಿಯಾದ ಕಡೆ ರೈಲಿನಲ್ಲಿ ಮಲಗಿದೆ,
ಒಂದೇ ಟಿಕೆಟಿಗೆ ಊರೂ ಬಂತು, ರಾತ್ರಿಯೂ ಕಳೆಯಿತು.
ಸಮುದ್ರ ನೋಡಲು ದುಡ್ಡಿಲ್ಲ,
ಸಮುದ್ರದ ಪಕ್ಕ ಉಚ್ಚೆಗೆ ಹೋಗಲು ನಾಲ್ಕು ಸೇರು.

ಒಂದು ಸಾಲಿನ ಎದುರು ಏನೂ ಬರೆದಿಲ್ಲ.
ಎರಡು ಮೊಟ್ಟೆ, ಯಾರದೋ ಡಬ್ಬಿಯೊಳಗಿನವು.
ಮೇಲೆ ಹೆಸರಿತ್ತು.
ಓದಲು ಬರುವುದಿಲ್ಲ ಅಂದುಕೊಂಡೆ.
ಬರುತ್ತಿತ್ತು.

ಆಮೇಲೆ ಮೆಕಾಂಗ್ ನದಿ, ದಂಡೆಯ ಮೇಲೊಂದು ಊರು.
ದೋಣಿ ಇಳಿದೆ, ವಾಸನೆ ಬಂತು,
ಹೆಸರು ಕೇಳುವ ಮೊದಲೇ ಕಾಲು ಅತ್ತ ನಡೆದಿತ್ತು.
ಕಪ್ಪು ಮರಳು, ಅಗಲ ಬಾಂಡ್ಲಿ, ಹೊಟ್ಟಿನ ಉರಿ,
ಚಟಚಟ ಎನ್ನುವ ಅದೇ ಮಾತು.
ಬಾಂಡ್ಲಿಯ ಹೆಂಗಸು ಫೋಟೋದವರ ಕಡೆ ತಿರುಗಿ ನಿಂತಿದ್ದಳು,
ನಾನು ಜರಡಿ ಕಿತ್ತುಕೊಂಡೆ.
ಸೀಯುವ ಹೊತ್ತು ನನ್ನ ಮೊಣಕೈಗೆ ಗೊತ್ತು.

ಬೈಯಲಿಲ್ಲ ಅವಳು.
ನನ್ನ ಕೈ ತಿರುಗಿಸಿ ಮುಂಗೈಯ ಸುಟ್ಟ ಕಲೆಗಳನ್ನು ನೋಡಿ
ತನ್ನದನ್ನು ಪಕ್ಕಕ್ಕಿಟ್ಟಳು.

ಹನ್ನೆರಡು ದಿನ ಅಲ್ಲೇ. ಊಟ, ಅಟ್ಟದ ಮೇಲೊಂದು ಚಾಪೆ.
ಇಪ್ಪತ್ತೈದು ಸೇರನ್ನು ಮುಟ್ಟಲೇ ಇಲ್ಲ.
ಭಟ್ಟಿ ಬಿಟ್ಟು ಓಡಿದವಳು ಇಷ್ಟು ನೆಲ ದಾಟಿ
ಭಟ್ಟಿಗೇ ಬಂದು ಕೂತೆನಲ್ಲ ಎಂದು
ಹದಿಮೂರನೆಯ ಬೆಳಗ್ಗೆ ಸಿಟ್ಟು ಬಂದು
ಹೇಳದೆ ಹೊರಟೆ.
ಅದೂ ಒಂದು ಬಾಕಿ.

ಕೇಳುತ್ತಿದ್ದಳೇನೋ, ಅಮ್ಮಿ ಆಗ ಬಾಯಿ ತೆರೆದಳು.
ಉಪ್ಪು ಯಾವಾಗ ಹಾಕ್ತಾರೆ ಅಲ್ಲಿ,
ಅಕ್ಕಿಗೋ, ಹುರಿದ ಮೇಲೋ?
ಉಪ್ಪಲ್ಲ ಅಮ್ಮಿ, ಬೆಲ್ಲದ ಪಾಕ.
ಹಂಗಾರೆ ಅದು ಮಂಡಕ್ಕಿ ಅಲ್ಲ, ಅಂದಳು.

ಜರಡಿ ಕೊಡವಿದಳು. ಮರಳು ಕೆಳಗೆ ಹರಿಯಿತು,
ಬಿಳಿಯದೆಲ್ಲ ಮೇಲೆ ಉಳಿಯಿತು.
ಕೈಗೆ ತೂಕವೇ ಹತ್ತದ ಅಷ್ಟೊಂದು.

ಆಮೇಲೆ, ನನ್ನ ಪುಸ್ತಕದ ಕಡೆ ಗಲ್ಲ ತೋರಿಸಿ:
ನಿನ್ನ ಲೆಕ್ಕ ತಪ್ಪು.
ಸೇರಿಗೆ ಈಗ ಹದಿನೆಂಟು.

ಶಾಹೀನ ಚಹಾ ತರಲು ಎದ್ದಳು.
ನಾನು ಹಾಳೆ ತಿರುವಿದೆ.
ಮೂವತ್ತೆರಡು ಸೇರಿನ ಮಂಚ
ಇಪ್ಪತ್ತೊಂದಕ್ಕೆ ಇಳಿಯಿತು, ಚಿಲ್ಲರೆ ಬಿಟ್ಟು.
ಸಮುದ್ರದ ಪಕ್ಕದ ಬಾಗಿಲು ಮೂರೂ ಆಗಲಿಲ್ಲ.
ಇಡೀ ಲೋಕ ಅಗ್ಗವಾಗುತ್ತಿತ್ತು ಸಾಲು ಸಾಲಾಗಿ,

ಅಮ್ಮಿ ಜರಡಿ ಹಿಡಿದೇ
ನನ್ನ ಬೆರಳುಗಳು ಎಣಿಸುವುದನ್ನು ನೋಡುತ್ತಿದ್ದಳು.